ಆರೋಗ್ಯಮ್ಮನಿಗೆ ಕಡೇ ಎಣ್ಣೆ

ಗುರುದೀಕ್ಷೆಯಾಗಿ ಮೊದಲ ಸಲ ಹಳ್ಳಿಯ ಚರ್ಚಿಗೆ ಹೊರಟ ತರುಣ ಪಾದ್ರಿಗಳು ಆಶೀರ್ವಾದಕ್ಕೆಂದು ನಾನಿರುವ ನಿವೃತ್ತ ಗುರುಗಳ ಮನೆಗೆ ಬರುವುದುಂಟು. ಕಾಫಿ ಕುಡಿಯುತ್ತಾ ಎಲ್ಲರೂ ಕೇಳುವುದು ಒಂದೇ: ‘ಬೆಳಿಗ್ಗೆ ಪೂಜೆ ಮುಗಿದ ಮೇಲೆ ದಿನವಿಡೀ ಅಲ್ಲಿ ಏನು ಮಾಡುವುದು ಫಾದರ್?’ ನನಗೆ ನಗು ಬರುತ್ತದೆ. ಪೂಜೆ ಮುಗಿದ ಮೇಲೆಯೇ ನಮ್ಮ ಕೆಲಸ ಶುರುವಾಗುವುದು. ಅದನ್ನು ಪಾದ್ರಿಗಳಾಗಲು ಓದುವ ಗುರುಮಠದಲ್ಲಿ ಯಾರೂ ಕಲಿಸುವುದಿಲ್ಲ. ನನಗೆ ಕಲಿಸಿದವರಲ್ಲಿ ಆರೋಗ್ಯಮ್ಮ ಎಂಬ ಮುದುಕಿಯ ಪಾಲು ದೊಡ್ಡದು. ಬಂದ ಹುಡುಗರಿಗೆಲ್ಲ ಅವಳ ಕಥೆಯನ್ನು ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಈಗ ಬರೆದಿಡುತ್ತಿದ್ದೇನೆ.

ನಾನು ಕರಾವಳಿಯವನು. ಮನೆಮಾತು ಕೊಂಕಣಿ, ಕನ್ನಡ ಪುಸ್ತಕದಿಂದ ಕಲಿತದ್ದು. ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯ ಚರ್ಚಿಗೆ ನನ್ನನ್ನು ಕಳಿಸಿದಾಗ, ಕನ್ನಡ ಬರುತ್ತದೆ, ಇನ್ನೇನು ಕಷ್ಟ ಅಂದುಕೊಂಡಿದ್ದೆ. ನನ್ನ ವ್ಯಾಪ್ತಿ ದೊಡ್ಡದು. ನಾಲೆಯ ನೀರಿನಲ್ಲಿ ಕಬ್ಬು ಬೆಳೆಯುವ ಕುಟುಂಬಗಳು ಊರಲ್ಲೇ ಇದ್ದವು. ಉಳಿದವರು ಚೆಲ್ಲಾಪಿಲ್ಲಿ. ಕೆ.ಆರ್. ಪೇಟೆಯ ಶೀಳನೆರೆ ಕಡೆ ನಾಲ್ಕಾರು ಮನೆ, ನಾಗಮಂಗಲದಲ್ಲಿ ಒಬ್ಬ ಮೇಷ್ಟರು, ಒಬ್ಬ ನರ್ಸಮ್ಮ. ನಾಗಮಂಗಲದ ಪೂಜೆ ಮೇಷ್ಟರ ಮನೆಯ ಜಗಲಿಯಲ್ಲೇ ನಡೆಯುತ್ತಿತ್ತು. ಪರಮಪ್ರಸಾದ ಹಂಚುವ ಹೊತ್ತಿಗೆ ಪಕ್ಕದ ಮನೆಯ ಕುಕ್ಕರು ಕೂಗಿದರೆ ಯಾರೂ ತಲೆ ಎತ್ತುತ್ತಿರಲಿಲ್ಲ.

ಮೊದಲ ಭಾನುವಾರ ಬಹಳ ತಯಾರಿ ಮಾಡಿಕೊಂಡು ಪ್ರಸಂಗ, ಅಂದರೆ ಪೂಜೆಯ ನಡುವಿನ ಉಪದೇಶ, ಹೇಳಿದೆ. ಪೂಜೆ ಮುಗಿದ ಮೇಲೆ ಒಬ್ಬ ಹಿರಿಯರು ಬಂದು ಕೈಮುಗಿದರು. “ಬಾಳ ಚೆಂದಾಗಿ ಮಾತಾಡ್ಬುಟ್ರಿ ಸ್ವಾಮಿ. ಅರ್ಧ ನಮ್ಗೆ ತಿಳೀತು. ಇನ್ನರ್ಧ ಹೆಂಗೂ ದೇವ್ರಿಗೆ ತಿಳಿದಿರ್ತದೆ ಬುಡಿ” ಅಂದರು. ಅಂದಿನಿಂದ ಪ್ರಸಂಗವನ್ನು ಮೊದಲು ನಾನಿದ್ದ ಗುರುಮನೆಯಲ್ಲಿ ಅಡುಗೆ ಮಾಡುತ್ತಿದ್ದ ಲೂರ್ದಮ್ಮನಿಗೆ ಓದಿ ಹೇಳುವ ಅಭ್ಯಾಸ ಮಾಡಿಕೊಂಡೆ. ಅವಳು ಒಗ್ಗರಣೆ ಹಾಕುತ್ತಾ ಕೇಳುತ್ತಿದ್ದಳು. ಸೌಟು ನಿಂತರೆ ಆ ಮಾತು ಅರ್ಥವಾಗಿಲ್ಲ ಎಂದು ಲೆಕ್ಕ.

ನಾನು ಬಂದು ಇನ್ನೂ ತಿಂಗಳಾಗಿರಲಿಲ್ಲ. ಒಂದು ಬೆಳಿಗ್ಗೆ ಚೌರಪ್ಪ ಎಂಬ ರೈತ ಮೊಪೆಡ್ಡಿನಲ್ಲಿ ಧೂಳೆಬ್ಬಿಸಿಕೊಂಡು ಬಂದ. ಶೀಳನೆರೆ ಕಡೆಯ ಹಳ್ಳಿಯವನು. ಗೇಟಿನಲ್ಲೇ ನಿಂತು ಕೂಗಿದ:

“ಫಾದರೇ, ನಮ್ಮವ್ವ ಒಂಟೋಯ್ತಾವ್ಳೆ! ಬಿರ್ನೆ ಬನ್ನಿ!”

“ಎಲ್ಲಿಗೆ ಹೊರಟಿದ್ದಾರೆ?” ಅಂದೆ.

ಅವನು ಆಕಾಶ ನೋಡಿದ. “ಇನ್ನೆಲ್ಲಿಗೆ? ಮ್ಯಾಕ್ಕೆ!”

ಅದು ಯಾವುದೋ ಊರಿರಬೇಕು ಅಂದುಕೊಂಡು, “ಸರಿ, ಆರಾಮವಾಗಿ ಹೋಗಿ ಬರಲಿ. ಬಂದ ಮೇಲೆ ನಾನೇ ಮನೆಗೆ ಬಂದು ಮಾತಾಡಿಸುತ್ತೇನೆ” ಅಂದೆ.

ಚೌರಪ್ಪನ ಬಾಯಿ ತೆರೆದಂತೆಯೇ ಉಳಿಯಿತು. ಲೂರ್ದಮ್ಮ ಸೌಟು ಹಿಡಿದುಕೊಂಡೇ ಓಡಿ ಬಂದಳು. “ಅಯ್ಯೋ ಫಾದರೇ, ಸಾಯ್ತಾವ್ಳೆ ಅಂತ ಕಣಪ್ಪಾ ಅವ್ನು ಏಳ್ತಿರದು! ಎಣ್ಣೆ ತಕಂಡು ನಡೀರಿ!”

ಎಣ್ಣೆ ಅಂದರೆ ರೋಗಿಗಳಿಗೆ ಹಚ್ಚುವ ಪವಿತ್ರ ತೈಲ. ಹಣೆಗೂ ಅಂಗೈಗಳಿಗೂ ಹಚ್ಚಿ ಪ್ರಾರ್ಥಿಸುತ್ತೇವೆ. ಕಾಯಿಲೆ ಬಿದ್ದವರಿಗೆ ಬಲ ಬರಲೆಂದು ಕೊಡುವ ಸಂಸ್ಕಾರ ಅದು. ಆದರೆ ಸಾಯುವ ಗಳಿಗೆಯವರೆಗೂ ಯಾರೂ ಕರೆಯುವುದಿಲ್ಲವಾದ್ದರಿಂದ ಜನರ ಬಾಯಲ್ಲಿ ಅದು ‘ಕಡೇ ಎಣ್ಣೆ’ ಆಗಿಬಿಟ್ಟಿದೆ. ಪುಟ್ಟ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಅಕ್ರಂ ಭಾಯಿಯ ಆಟೋ ಹತ್ತಿದೆ. ಪಾಂಡವಪುರದ ಅಕ್ರಂ ನನ್ನ ಎಲ್ಲ ಓಡಾಟಕ್ಕೂ ಆಗುತ್ತಿದ್ದವನು. “ಕುತ್ಕೊಳ್ಳಿ ಫಾದರ್ ಸಾಬ್, ಗಟ್ಟಿಯಾಗಿ ಹಿಡ್ಕೊಳ್ಳಿ. ಮಲಕುಲ್ ಮೌತ್ ಬರೋಕೆ ಮುಂಚೆ ನಿಮ್ಮನ್ನ ಮುಟ್ಟಿಸ್ತೀನಿ” ಅಂದ. ಅದು ಸಾವಿನ ದೂತನ ಹೆಸರೆಂದು ಆಮೇಲೆ ತಿಳಿಯಿತು. ಆ ದಿನ ಅವನು ಓಡಿಸಿದ ರೀತಿಗೆ ದೂತ ನಮ್ಮನ್ನೇ ಮೊದಲು ಸಂಧಿಸಬಹುದಿತ್ತು.

ಮನೆಯ ಅಂಗಳದ ನಡುವೆ ಎದೆಮಟ್ಟದ ಗೋಡೆ. ಆಚೆಗೊಂದು ಬಾಗಿಲು, ಈಚೆಗೊಂದು ಬಾಗಿಲು. ಈಚೆ ಮನೆಯ ನಡುಮನೆಯಲ್ಲಿ ಆರೋಗ್ಯಮ್ಮ ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು. ತಲೆಯ ಬಳಿ ಚೌರಪ್ಪ, ಕಾಲಿನ ಬಳಿ ಅವನ ತಮ್ಮ ಇನ್ನಾಸಪ್ಪ. ಇಬ್ಬರೂ ಮುಖ ಬೇರೆ ಬೇರೆ ಕಡೆ ತಿರುಗಿಸಿ ಅಳುತ್ತಿದ್ದರು. ನಾನು ಮೇಣದಬತ್ತಿ ಹಚ್ಚಿ ಯಾರಾದರೂ ಹಿಡಿದುಕೊಳ್ಳಿ ಅಂದೆ. ಮುದುಕಿ ಕಣ್ಣು ಮುಚ್ಚಿಕೊಂಡೇ ಕ್ಷೀಣ ದನಿಯಲ್ಲಿ, “ಇಬ್ರೂ ಇಡ್ಕಳ್ರಪ್ಪಾ” ಅಂದಳು. ಒಂದೇ ಬತ್ತಿಯನ್ನು ಇಬ್ಬರು ಗಂಡಸರು, ಬೆರಳಿಗೆ ಬೆರಳು ತಾಗದಂತೆ, ಕಷ್ಟಪಟ್ಟು ಹಿಡಿದುಕೊಂಡರು. ನಾನು ಎಣ್ಣೆ ಹಚ್ಚಿ ಪ್ರಾರ್ಥನೆ ಮುಗಿಸಿದೆ. ಆಮೆನ್ ಅಂದದ್ದೇ ತಡ, ಆರೋಗ್ಯಮ್ಮ ಎದ್ದು ಕೂತು, “ಫಾದರ್‌ಗೆ ಕಾಫಿ ಕೊಟ್ರಾ? ನಂಗೂ ಒಸಿ ಕೊಡಿ” ಅಂದಳು.

ಹೆಂಗಸರು ಚೀರಿದರು. ಹೊರಗೆ ನಿಂತಿದ್ದ ಊರಿನವರು ಒಳಗೆ ಇಣುಕಿದರು. ನಾನು ಊರು ಬಿಡುವ ಮೊದಲೇ ಸುದ್ದಿ ಬಸ್ಸು ಹತ್ತಿತ್ತು.

ಇದರ ಫಲವನ್ನು ನಾನು ಬಹಳ ದಿನ ಉಂಡೆ. ಒಂದು ಮಧ್ಯಾಹ್ನ ಬಿಂಡಿಗನವಿಲೆ ಕಡೆಯ ಒಬ್ಬ ಕುರಿಗಾಹಿ ಒಂದು ಟಗರನ್ನು ಲಗೇಜ್ ಆಟೋದಲ್ಲಿ ಹಾಕಿಕೊಂಡು ಗುರುಮನೆಗೇ ಬಂದ. “ಮೇವು ಬುಟ್ಬುಟ್ಟದೆ ಸ್ವಾಮಿ. ನಿಮ್ಮೆಣ್ಣೆ ಒಸಿ ಅಚ್ಚಿ” ಅಂದ. ಆ ಎಣ್ಣೆ ಮನುಷ್ಯರಿಗೆ ಮಾತ್ರ ಎಂದು ವಿವರಿಸಿದೆ. ಅವನು ಟಗರಿನ ತಲೆ ಸವರುತ್ತಾ, “ಇದೂ ನಂಗೆ ಮಗನ್ ಇದ್ದಂಗೇ” ಅಂದ. ಪ್ರಾಣಿಗಳನ್ನು ಆಶೀರ್ವದಿಸುವ ಪ್ರಾರ್ಥನೆ ನಮ್ಮಲ್ಲಿ ಬೇರೆಯೇ ಇದೆ. ಅದನ್ನು ಹೇಳಿ, ಅದೇ ಆಟೋದಲ್ಲಿ ನಾನೂ ಹತ್ತಿ ಪಶು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಸೂಜಿ ಚುಚ್ಚಿದರು, ಟಗರು ಮೇಯತೊಡಗಿತು, ಹೆಸರು ಬಂದದ್ದು ನನಗೆ. ಡಾಕ್ಟರು ಮುಂದೆ ನನ್ನನ್ನು ಕಂಡಾಗಲೆಲ್ಲ, “ಏನು ಫಾದರ್, ನಮ್ಮ ಆಸ್ಪತ್ರೆ ಮುಚ್ಚಿಸ್ತೀರಾ?” ಎಂದು ನಗುತ್ತಿದ್ದರು.

ನಮ್ಮ ವಲಯದ ಹಿರಿಯ ಗುರು ಫಾದರ್ ಲಾಜರಸ್ ಮಾತ್ರ ನಗಲಿಲ್ಲ. ಕರೆಸಿಕೊಂಡು ನಿಲ್ಲಿಸಿಯೇ ಕೇಳಿದರು: “ಏನಪ್ಪಾ, ಎಣ್ಣೆ ಗಾಣ ಇಟ್ಟಿದ್ದೀಯಂತೆ?” ನಡೆದದ್ದು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. “ಕಾಯಿಲೆ ಮತ್ತೆ ಮರುಕಳಿಸಿದರೆ ಮತ್ತೆ ಹಚ್ಚಬಹುದು. ವಯಸ್ಸಾಗಿ ಸೊರಗಿದವರಿಗೂ ಹಚ್ಚಬಹುದು. ಆಕೆ ಸೊರಗಿದ್ದಾಳಾ?”

“ಮೊನ್ನೆ ಹುಲ್ಲಿನ ಹೊರೆ ಹೊತ್ತು ತಂದಳಂತೆ ಫಾದರ್.”

ಅವರು ಬಹಳ ಹೊತ್ತು ಕನ್ನಡಕವನ್ನೇ ಒರೆಸಿದರು. ತುಟಿಯ ಅಂಚು ಅಲುಗಿದ್ದನ್ನು ನಾನು ಕಂಡೆ. “ಸಂಸ್ಕಾರ ಆಟದ ಸಾಮಾನಲ್ಲ. ಕರೆದರೆ ಹೋಗಲೇಬೇಕು. ಹೋದ ಮೇಲೆ ಕಣ್ಣು ತೆರೆದು ನೋಡಬೇಕು” ಅಂದರು. ಮೇಲಿನವರಿಂದ ನಾನು ಪಡೆದ ಸಲಹೆಗಳಲ್ಲಿ ಇದರಷ್ಟು ಕೆಲಸಕ್ಕೆ ಬಂದದ್ದು ಮತ್ತೊಂದಿಲ್ಲ.

ಮರುವರ್ಷ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಎರಡನೆಯ ಕರೆ ಬಂತು. ಈ ಸಲ ಬಂದವನು ಇನ್ನಾಸಪ್ಪ. “ಅವ್ವಂಗೆ ಚಳಿಜ್ವರ ಫಾದರೇ, ಈ ಸಲ ಉಳಿಯಾಕಿಲ್ಲ” ಎಂದು ಅತ್ತ. ಹೋಗಿ ಹಣೆ ಮುಟ್ಟಿದರೆ ನಿಜವಾಗಿಯೂ ಸುಡುತ್ತಿತ್ತು. ಎಣ್ಣೆ ಹಚ್ಚಿದೆ. ಮತ್ತೆ ಅದೇ ಮೇಣದಬತ್ತಿ, ಮತ್ತೆ “ಇಬ್ರೂ ಇಡ್ಕಳ್ರಪ್ಪಾ”. ನರ್ಸಮ್ಮನನ್ನು ಕರೆಸಿ ಮಾತ್ರೆ ಕೊಡಿಸಿದೆ. ನಾಲ್ಕು ದಿನಕ್ಕೆ ಆರೋಗ್ಯಮ್ಮ ಹೊಲದಲ್ಲಿದ್ದಳು.

ಹಿಂದಿರುಗುವಾಗ ಅಕ್ರಂನನ್ನು ಕೇಳಿದೆ, ಆ ಅಣ್ಣತಮ್ಮ ಯಾಕೆ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ ಎಂದು. ಅವನು ಆಟೋ ನಿಧಾನ ಮಾಡಿದ. “ಅರೆ, ನಿಮಗೆ ಗೊತ್ತೇ ಇಲ್ವಾ? ಅವರಿಬ್ಬರದೂ ಬ್ಯಾಂಡ್ ಸೆಟ್ ಇತ್ತು ಫಾದರ್ ಸಾಬ್. ಅಣ್ಣ ಕ್ಲಾರಿನೆಟ್ಟು, ತಮ್ಮ ಡೋಲು. ಇಡೀ ತಾಲ್ಲೂಕಲ್ಲಿ ಯಾರ ಮದ್ವೆ ಆದ್ರೂ ಅವರೇ. ಸಿಂಧಘಟ್ಟದಲ್ಲಿ ನಮ್ಮ ಚಿಕ್ಕಪ್ಪನ ಮಗಳ ಶಾದಿ. ಮದುಮಗ ಬರ್ತಾ ಇದಾನೆ, ಅಷ್ಟರಲ್ಲಿ ಅಣ್ಣ ಜನರ ಎದುರಿಗೇ, ‘ತಾಳ ಓಡ್ತಾ ಅದೆ ಕಣ್ಲಾ, ಕತ್ತೆ ಕಾಯಾಕೋಗು’ ಅಂದ. ತಮ್ಮ ಡೋಲು ಕೆಳಗಿಟ್ಟು ನಡೆದೇ ಹೋದ. ಮದುಮಗ ಬರೀ ಪೀಪಿ ಮೇಲೇ ಒಳಗೆ ಬಂದ. ಅವತ್ತಿಂದ ಮಾತಿಲ್ಲ, ಬ್ಯಾಂಡೂ ಇಲ್ಲ. ಆಮೇಲೆ ಗೋಡೆ ಎದ್ದಿತು.”

ಇಷ್ಟೇನಾ ಅಂದೆ. “ಇಷ್ಟೇ” ಅಂದ ಅಕ್ರಂ. “ದೊಡ್ಡ ಜಗಳ ಆಗಿದ್ರೆ ಪಂಚಾಯ್ತಿ ಮಾಡ್ಬಹುದಿತ್ತು.”

ನಾನೂ ಪ್ರಯತ್ನಿಸದೆ ಇರಲಿಲ್ಲ. ಕ್ಷಮೆಯ ಬಗ್ಗೆ ಪ್ರಸಂಗ ಹೇಳಿದೆ. ಚೌರಪ್ಪ ಎಡಗಡೆ ಸಾಲಿನಲ್ಲಿ, ಇನ್ನಾಸಪ್ಪ ಬಲಗಡೆ ಸಾಲಿನಲ್ಲಿ ಕೂತು ಇಬ್ಬರೂ ತಲೆದೂಗಿದರು. ಪ್ರಸಂಗ ಇನ್ನೊಬ್ಬನಿಗೆ ಎಂದು ಇಬ್ಬರಿಗೂ ಖಾತ್ರಿಯಿತ್ತು.

ಮೂರನೆಯ ಕರೆ ಬಂದದ್ದು ಬೇಸಿಗೆಯ ಒಂದು ಬೆಳಿಗ್ಗೆ. ಮತ್ತೆ ಚೌರಪ್ಪ, ಮತ್ತೆ ಮೊಪೆಡ್ಡು. ಹೋದೆ. ನಾನು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದಾಗ ಅಕ್ರಂ ಹತ್ತಿರ ಬಂದು ಪಿಸುಗುಟ್ಟಿದ: “ಫಾದರ್ ಸಾಬ್, ನಾನು ಗಾಡಿ ನಿಲ್ಲಿಸೋಕೆ ಹಿಂದಕ್ಕೆ ಹೋಗಿದ್ದೆ. ಕಿಟಕಿ ತೆರೆದಿತ್ತು. ಅಜ್ಜಿ ಬೆಲ್ಲ ತಿಂತಾ ಇದ್ಲು. ಕಡ್ಲೆಕಾಯಿ ಜೊತೆ.”

ಒಳಗೆ ಹೋಗಿ ನೋಡಿದೆ. ಕಣ್ಣು ಮುಚ್ಚಿತ್ತು, ಉಸಿರು ಏದುಸಿರು. ತುಟಿಯ ಮೂಲೆಯಲ್ಲಿ ಕಡಲೆಕಾಯಿಯ ಕೆಂಪು ಸಿಪ್ಪೆ ಅಂಟಿತ್ತು. ಎಲ್ಲರೂ ಹೊರಗೆ ಹೋಗಿ ಅಂದೆ. ಬಾಗಿಲು ಮುಚ್ಚಿಕೊಂಡಿತು.

“ಆರೋಗ್ಯಮ್ಮ, ಎದ್ದೇಳಿ.”

ಅವಳು ಒಂದು ಕಣ್ಣು ತೆರೆದಳು. ನಾನು ಅವಳ ತುಟಿಯತ್ತ ಬೆರಳು ತೋರಿಸಿದೆ. ಸೆರಗಿನಲ್ಲಿ ಒರೆಸಿಕೊಂಡು, ಸ್ವಲ್ಪವೂ ನಾಚದೆ ಎದ್ದು ಕೂತಳು.

“ಇದು ಪಾಪ ಏಳ್ಕಳದಲ್ಲ ಫಾದರೇ, ಬರೀ ಮಾತು. ಪಾಪ ಮಾಡ್ದೋರು ಆಚೆ ನಿಂತವ್ರೆ” ಅಂದಳು. ಅವಳು ಹಾಗೆ ಹೇಳಿದ್ದರಿಂದಲೇ ಈ ಮಾತುಗಳನ್ನು ನಾನಿಲ್ಲಿ ಬರೆಯಬಹುದಾಗಿದೆ. ಪಾಪನಿವೇದನೆಯಲ್ಲಿ ಕೇಳಿದ್ದು ನಮ್ಮ ಜೊತೆಯೇ ಮಣ್ಣಿಗೆ ಹೋಗಬೇಕು.

“ನಾನ್ ಸತ್ತಾಗ ಇಬ್ರೂ ಬತ್ತಾರೆ. ಅಕ್ಕಪಕ್ಕ ನಿಂತ್ಕತ್ತಾರೆ, ಒಬ್ರನ್ನೊಬ್ರು ಇಡ್ಕಂಡು ಅಳ್ತಾರೆ. ಅದ್ನ ನೋಡಾಕೆ ನಾನಿರಾಕಿಲ್ವಲ್ಲ. ಅದ್ಕೇ ಒಸಿ ಮುಂಚಿತ್ವಾಗಿ ಕರುಸ್ಕತೀನಿ. ಆ ಬತ್ತಿ ಇಡ್ಕಂಡಿರೋವಷ್ಟು ಹೊತ್ತು ನನ್ ಮಕ್ಳು ಒಂದ್ಕಡೆ ಇರ್ತವೆ. ಕಣ್ ಮುಚ್ಕಂಡಂಗೆ ಮಾಡಿ ಸಂದೀಲಿ ನೋಡ್ತೀನಿ.”

ಆದರೂ ಹೇಳಲೇಬೇಕಾದದ್ದು ಹೇಳಿದೆ: “ಅಮ್ಮ, ಹೊಲದಲ್ಲಿ ಕೆಲಸ ಮಾಡುವ ಗಟ್ಟಿಮುಟ್ಟಿಗೆ ನಾನು ಎಣ್ಣೆ ಹಚ್ಚಲಾರೆ. ನನ್ನಿಂದ ಸುಳ್ಳು ಹೇಳಿಸಲೂ ಬೇಡಿ.”

“ಎಣ್ಣೆ ಬ್ಯಾಡ ಬುಡಿ. ಆಚೆಗೋಗಿ ಅವ್ರಿಗೆ ಏನ್ ಏಳ್ತೀರಿ?”

ಅದೇ ತೊಡಕು. ನಿಜ ಹೇಳಿದರೆ ಮಕ್ಕಳು ಸಿಟ್ಟಾಗುತ್ತಾರೆ. ಮುಂದೆ ನಿಜವಾಗಿ ಕಾಯಿಲೆ ಬಿದ್ದಾಗಲೂ ಯಾರೂ ನಂಬುವುದಿಲ್ಲ. ಅವಳ ಕೈಯಲ್ಲಿದ್ದ ಒಂದೇ ಉಪಾಯವೂ ಹೋಗುತ್ತದೆ. ಸುಳ್ಳು ಹೇಳಿದರೆ ನಾನು ಪಾದ್ರಿಯಾಗಿ ಇದ್ದೇನು ಪ್ರಯೋಜನ? ಅವಳ ಪಕ್ಕ ಕೂತೆ. ಕಡೆಗೆ ಏನೋ ಹೊಳೆದು ಕೇಳಿದೆ: “ನಿಮ್ಮ ಮಣ್ಣಿನ ದಿನ ಏನೇನು ಆಗಬೇಕೆಂದು ಮನಸ್ಸಿನಲ್ಲಿದೆ?”

ಅವಳು ಯೋಚಿಸಲೇ ಇಲ್ಲ. “ಬ್ಯಾಂಡು. ನನ್ ಮಕ್ಳದ್ದು. ಇಬ್ರದೂ.”

ನಾನು ಬಾಗಿಲು ತೆಗೆದು ಹೊರಗೆ ಬಂದೆ. ಅಣ್ಣ ಗೋಡೆಯ ಈಚೆ, ತಮ್ಮ ಆಚೆ.

“ನಿಮ್ಮವ್ವನಿಗೆ ಈಗ ಎಣ್ಣೆ ಬೇಕಿಲ್ಲ. ಆದರೆ ಒಂದು ಆಸೆ ಹೇಳಿದ್ದಾರೆ. ಅವರ ಮಣ್ಣಿನ ದಿನ ನೀವಿಬ್ಬರೂ ಸೇರಿ ಬ್ಯಾಂಡು ಬಾರಿಸಬೇಕಂತೆ. ಬಾರಿಸುತ್ತೀರಾ?”

“ಬಾರುಸ್ದೇ ಇರ್ತೀನಾ? ನಮ್ಮವ್ವ ಕಣ್ ಫಾದರೇ” ಅಂದ ಚೌರಪ್ಪ.

“ಅವ್ವನ್ ಮಣ್ಣಿಗೆ ಬ್ಯಾರೆಯೋರ್ ಸೆಟ್ ತರ್ಸಾಕಾಯ್ತದಾ?” ಅಂದ ಇನ್ನಾಸಪ್ಪ, ಗೋಡೆಗೆ ಹೇಳಿದಂತೆ.

“ಯಾವ ಹಾಡು?” ಅಂದೆ. ಅಣ್ಣ ಒಂದು ಕೀರ್ತನೆಯ ಹೆಸರು ಹೇಳಿದ. ತಮ್ಮ ಅದೇ ಗಳಿಗೆಯಲ್ಲಿ ಇನ್ನೊಂದರ ಹೆಸರು ಹೇಳಿದ.

ಆಟೋಗೆ ಒರಗಿ ನಿಂತಿದ್ದ ಅಕ್ರಂ ಅಲ್ಲಿಂದಲೇ ಹೇಳಿದ: “ಅವತ್ತು ರಿಹರ್ಸಲ್ ಮಾಡೋಕೆ ಟೈಮ್ ಇರಲ್ಲ ಭಾಯ್. ಮದ್ವೇಲಿ ಆದಂಗೆ ಮೈಯ್ಯತ್ತಲ್ಲೂ, ಮಣ್ಣಿನ ದಿನಾನೂ ಆದ್ರೆ ಚೆಂದ ಇರಲ್ಲ. ಈಗ್ಲೇ ಮಾಡಿ.”

ಚೌರಪ್ಪನ ಕಿವಿ ಕೆಂಪಾಯಿತು. ಅಕ್ರಂ ಕೆಲಸ ಕೆಡಿಸಿದ ಅಂದುಕೊಂಡೆ. ಆಗ ಇನ್ನಾಸಪ್ಪ ತಿರುಗಿ ಒಳಗೆ ಹೋದ. ಅಟ್ಟದ ಮೇಲಿಂದ ಏನೋ ಎಳೆಯುವ ಸದ್ದು ಕೇಳಿತು. ಡೋಲು ಹೊತ್ತು ಹೊರಗೆ ಬಂದ. ಚರ್ಮ ಸಡಿಲವಾಗಿತ್ತು. ಅವನ ಹೆಂಡತಿ ಯಾರೂ ಹೇಳದೆಯೇ ಒಂದು ಹಿಡಿ ಹುಲ್ಲು ತಂದು ಬೆಂಕಿ ಹಾಕಿದಳು, ಅವನು ಡೋಲನ್ನು ಕಾಯಿಸತೊಡಗಿದ. ಅದನ್ನು ನೋಡಿ ಚೌರಪ್ಪ ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿಟ್ಟ ಕ್ಲಾರಿನೆಟ್ಟು ತಂದ.

ಶುರುವಾಯಿತು. ಕ್ಲಾರಿನೆಟ್ಟು ಮೊದಲು ಬಾತುಕೋಳಿಯಂತೆ ಕೂಗಿತು. ಮಕ್ಕಳು ಕಿಸಕ್ಕೆಂದವು. ಆಮೇಲೆ ನಿಧಾನವಾಗಿ ಸ್ವರ ಬಂತು. ಶವದ ಹಿಂದೆ ನಡೆಯುವಾಗ ಬಾರಿಸುವ, ಅಣ್ಣ ಹೆಸರಿಸಿದ್ದ ಆ ಹಾಡು ಕೇಳಿ ಊರಿನವರು ಮುದುಕಿ ಹೋಗಿಯೇಬಿಟ್ಟಳು ಎಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಓಡಿ ಬಂದರು. ಅಂಗಳ ತುಂಬಿತು. ಎರಡು ಸಾಲು ಸರಿಯಾಗಿ ಹೋಯಿತು. ಮೂರನೆಯದರಲ್ಲಿ ಚೌರಪ್ಪ ಬಾಯಿಂದ ಕ್ಲಾರಿನೆಟ್ಟು ತೆಗೆದು, ಅಭ್ಯಾಸಬಲದಿಂದ ಅಂದೇಬಿಟ್ಟ:

“ತಾಳ ಓಡ್ತಾ ಅದೆ ಕಣ್ಲಾ!”

ಡೋಲು ನಿಂತಿತು. ಇನ್ನಾಸಪ್ಪ ಕೋಲು ಕೆಳಗಿಟ್ಟರೆ ಎಲ್ಲ ಮುಗಿಯಿತು ಎಂದು ನಾನು ಜೇಬಿನೊಳಗೆ ಜಪಸರ ಹಿಡಿದುಕೊಂಡೆ. ಅವನು ಅಣ್ಣನನ್ನು ನೋಡಿದ. ಎಷ್ಟೋ ವರ್ಷಗಳ ಮೇಲೆ ನೇರವಾಗಿ ಅವನ ಮುಖವನ್ನೇ ನೋಡಿದ. ನೋಡಿ ಮೆಲ್ಲಗೆ ಹೇಳಿದ:

“ನಿನ್ ಉಸ್ರು ಸಾಲ್ತಾ ಇಲ್ಲ ಕಣಣ್ಣ. ಸ್ವರ ಎಳೆಯೋ ಕಡೆ ನೀನು ಏದುಸ್ರು ಬುಡ್ತೀಯ. ಅದ್ಕೇ ಬ್ಯಾಗ ಮುಗುಸಾನ ಅಂತ ಓಡುಸ್ದೆ. ಅವತ್ತೂ ಅಂಗೇ ಓಡ್ಸಿದ್ದು.”

ಚೌರಪ್ಪ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಒಳಗಿನಿಂದ, ಸಾಯುತ್ತಿದ್ದ ಹೆಂಗಸಿನ ದನಿ ಇಡೀ ಬೀದಿಗೆ ಕೇಳುವಂತೆ ಮೊಳಗಿತು:

“ಇಬ್ಬರ್ದೂ ತಪ್ಪೇ ಕಣ್ರಲಾ! ಮೊದ್ಲಿಂದ ಬಾರ್ಸ್ರಿ!”

ಅಂಗಳ ನಗುವಿನಲ್ಲಿ ಕುಸಿಯಿತು. ಚೌರಪ್ಪನೂ ನಕ್ಕ, ನಗುತ್ತಾ ನಗುತ್ತಾ ಅವನ ನಗು ಅಳುವಾಯಿತು. ಗೋಡೆ ಅಡ್ಡವಿದ್ದುದರಿಂದ ತಬ್ಬಿಕೊಳ್ಳಲಾಗದೆ ಅಣ್ಣ ತಮ್ಮನ ತಲೆಯ ಮೇಲೆ ಕೈಯಿಟ್ಟು ಕೂದಲು ಹಿಡಿದು ಅಲ್ಲಾಡಿಸಿದ. “ಅವತ್ತೇ ಯಾಕ್ಲಾ ಏಳ್ಲಿಲ್ಲ ಬಡ್ಡೀಮಗನೆ?” ಅಂದ. “ನೀನ್ ಏಳಾಕೆ ಬುಟ್ಯಾ?” ಅಂದ ತಮ್ಮ. ಆರೋಗ್ಯಮ್ಮ ಹೊಸಿಲ ಮೇಲೆ ಬಂದು ಕೂತು, ಕಣ್ಣು ಪೂರ್ತಿ ತೆರೆದು ನೋಡುತ್ತಿದ್ದಳು.

ಗೋಡೆ ಬೀಳಲಿಲ್ಲ. ಅದರ ಮೇಲೆ ಎರಡೂ ಮನೆಯವರು ಬಟ್ಟೆ ಒಣಹಾಕಲು ಶುರುಮಾಡಿದರು. ಆ ವರ್ಷ ನಮ್ಮ ಚರ್ಚಿನ ಹಬ್ಬಕ್ಕೆ ಬ್ಯಾಂಡು ಬಂತು. ಫಾದರ್ ಲಾಜರಸ್ ಮುಖ್ಯ ಗುರುವಾಗಿ ಬಂದಿದ್ದರು. ಆರೋಗ್ಯಮ್ಮನನ್ನು ತೋರಿಸಿದೆ. ಅವರು ಅವಳ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿ, ನನ್ನ ಕಡೆ ತಿರುಗಿ, “ಸೊರಗಿಲ್ಲ, ಖಂಡಿತ ಸೊರಗಿಲ್ಲ” ಅಂದರು.

ಈಗಿನ ಹುಡುಗರಿಗೆ ಕರೆಗಳು ಮೊಬೈಲಿನಲ್ಲಿ ಬರುತ್ತವೆ. ವಿಡಿಯೋದಲ್ಲೇ ರೋಗಿಯ ಮುಖ ತೋರಿಸುತ್ತಾರೆ, ಊರಿನ ಗುರುತು ನಕ್ಷೆಯಲ್ಲಿ ಕಳಿಸುತ್ತಾರೆ. ಒಳ್ಳೆಯದೇ. ನಾನು ದಾರಿ ತಪ್ಪಿ ಕಬ್ಬಿನ ಗದ್ದೆಗಳಲ್ಲಿ ಸುತ್ತಿದ್ದಕ್ಕೆ ಲೆಕ್ಕವಿಲ್ಲ. ನಾನು ಅವರಿಗೆ ಹೇಳುವುದು ಇಷ್ಟೇ. ಫೋನಿನಲ್ಲಿ ರೋಗಿ ಕಾಣುತ್ತಾಳೆ, ಅಂಗಳದ ಗೋಡೆ ಕಾಣುವುದಿಲ್ಲ. ಮನೆಗೆ ಹೋಗಿ.

ಕೆಲವು ವರ್ಷಗಳ ಮೇಲೆ ನನಗೆ ಶ್ರೀರಂಗಪಟ್ಟಣದ ಕಡೆಗೆ ವರ್ಗವಾಯಿತು. ಒಂದು ದಿನ ಬೆಳಗಿನ ಪೂಜೆ ಮುಗಿಸಿ ಹೊರಗೆ ಬಂದರೆ ಗೇಟಿನಲ್ಲಿ ಒಂದು ಬೈಕು ನಿಂತಿತ್ತು. ಓಡಿಸಿಕೊಂಡು ಬಂದವನು ಇನ್ನಾಸಪ್ಪ, ಹಿಂದೆ ಕೂತವನು ಚೌರಪ್ಪ. ಅವರ ಹಿಂದೆಯೇ ಅಕ್ರಂ, ಈಗ ಆಟೋ ಬಿಟ್ಟು ವ್ಯಾನು ಇಟ್ಟಿದ್ದವನು.

“ಪೋನ್ ಮಾಡಾನ ಅಂದ್ವಿ. ಅವ್ವನೇ ಬ್ಯಾಡ ಅಂತು. ಪೋನಲ್ಲಿ ಏಳಿದ್ರೆ ಫಾದರು ನಂಬಾಕಿಲ್ಲ, ಇಬ್ರೂ ಓಗಿ ಅಂತು” ಅಂದ ಚೌರಪ್ಪ. ಅಣ್ಣತಮ್ಮ ಒಂದೇ ಬೈಕಿನಲ್ಲಿ ಅಷ್ಟು ದೂರ ಬಂದಿದ್ದರು. ಈ ಸಲ ನಿಜ ಎಂದು ನನಗೆ ಹೆಚ್ಚು ಹೇಳಬೇಕಾಗಲಿಲ್ಲ. ಅಲ್ಲಿನ ಹೊಸ ಗುರುಗಳಿಗೆ ಫೋನು ಮಾಡಿ ಒಪ್ಪಿಗೆ ಕೇಳಿದೆ. ಒಳ್ಳೆಯ ಹುಡುಗ, “ನಿಮ್ಮ ಅಜ್ಜಿ ಅಲ್ವಾ ಫಾದರ್, ಹೋಗಿ” ಅಂದ.

ಆರೋಗ್ಯಮ್ಮ ಚಾಪೆಯಷ್ಟೇ ತೆಳ್ಳಗಾಗಿದ್ದಳು. ನನ್ನ ಕೈ ಹಿಡಿದು, “ಈ ಸಲ ದಿಟ ಕಣಪ್ಪಾ” ಅಂದಳು. ಎಣ್ಣೆ ಹಚ್ಚಿದೆ, ಪರಮಪ್ರಸಾದ ಕೊಟ್ಟೆ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿದ್ದು, ಮಕ್ಕಳನ್ನು ಕರೆದು ಬ್ಯಾಂಡು ಬಾರಿಸಲು ಹೇಳಿದಳು. ಚೌರಪ್ಪ ಮಣ್ಣಿನ ಹಾಡು ಎತ್ತಿಕೊಳ್ಳಲು ಹೋದ. “ಅದು ಬ್ಯಾಡ ಕಣ್ಲಾ. ಅದ್ನ ಆಮ್ಯಾಕೆ ಬಾರ್ಸೀರಂತೆ. ಮದ್ವೇದು ಬಾರ್ಸು, ಕೇಳ್ಕಂಡು ಓಯ್ತೀನಿ” ಅಂದಳು. ಮದುಮಗ ಬರುವಾಗ ಬಾರಿಸುವುದನ್ನು ಬಾರಿಸಿದರು. ಮೊಮ್ಮಕ್ಕಳು ಮೊದಲು ಅಳುತ್ತಾ ನಿಂತಿದ್ದವು, ಆಮೇಲೆ ಕಾಲು ತಡೆಯದೆ ಕುಣಿದವು. ಬೀದಿಯ ಹೆಂಗಸರು ಬಾಗಿಲಲ್ಲಿ ನಿಂತು ತಾಳ ಹಾಕಿದರು. ಚಾಪೆಯ ಮೇಲೆ ಆರೋಗ್ಯಮ್ಮನ ಒಂದು ಬೆರಳು ಅಲುಗುತ್ತಿತ್ತು. ಅದು ತಾಳಕ್ಕೆ ಸರಿಯಾಗಿತ್ತು.

ಅದೇ ವಾರ ಅವಳು ತೀರಿಕೊಂಡಳು. ಮಣ್ಣಿನ ದಿನ ಮಕ್ಕಳು ಒಂದು ಸ್ವರವೂ ತಪ್ಪದೆ ಬಾರಿಸಿದರು. ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಮದುವೆಯ ಹಾಡು ಬಾರಿಸಿದ ಆ ದಿನವೇ. ಆವತ್ತು ಸಂಜೆಯ ಪೂಜೆಗೆ ನಾನು ತಡವಾಗಿ ಮುಟ್ಟಿದೆ. ಚರ್ಚಿನ ಮೆಟ್ಟಿಲ ಮೇಲೆ ಕಾದಿದ್ದವರು, “ಯಾಕ್ ಫಾದರೇ, ಎಲ್ಲಿಗೋಗಿದ್ರಿ?” ಎಂದು ಕೇಳಿದರು. ನಾನು ಮಾತು ಹುಡುಕುತ್ತಿರುವಾಗಲೇ ಅಕ್ರಂ ವ್ಯಾನಿನ ಕಿಟಕಿಯಿಂದ ತಲೆ ಹೊರಹಾಕಿ, “ಶಾದಿ ಇತ್ತು. ಮದ್ವೆ ಮನೆ” ಅಂದ.

ನಾನು ತಿದ್ದಲಿಲ್ಲ.